ದತ್ತು ನಾಯಿ: ಮುಖ ನೋಡಿದ್ದು ಸಾಕು, ದಿನಚರಿ ನೋಡಿ

ದತ್ತು ಹೋದ ನಾಯಿ ಆಶ್ರಯತಾಣಕ್ಕೆ ಮರಳಿ ಬಂದರೆ, ಅದರ ಹಿಂದೆಯೇ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ‘ಸೋಫಾ ಕಿತ್ತು ಹರಡಿಬಿಟ್ಟಿತು.’ ‘ನಾವು ಆಫೀಸಿಗೆ ಹೋದರೆ ಸಂಜೆ ತನಕ ಬೊಗಳುತ್ತಂತೆ, ಪಕ್ಕದ ಮನೆಯವರು ಜಗಳಕ್ಕೆ ಬಂದರು.’ ‘ವಾಕಿಂಗ್‌ಗೆ ಕರೆದುಕೊಂಡು ಹೋದ ಅತ್ತೆಯನ್ನು ಎಳೆದು ಬೀಳಿಸಿತು.’ ಇವುಗಳಲ್ಲಿ ಬಹುಪಾಲು ಖರ್ಚಾಗದೆ ಉಳಿದ ಕಸುವಿನ ಫಲ. ತದ್ವಿರುದ್ಧದ ದೂರೂ ಉಂಟು: ‘ಬೆಳಿಗ್ಗೆ ಓಡೋಕೆ ಜೊತೆಯಾಗಲಿ ಅಂತ ತಂದೆ, ಇದು ಮೂಲೆ ಬಿಟ್ಟು ಏಳೋದೇ ಇಲ್ಲ.’ ನಾಯಿಯೂ ಕೆಟ್ಟದ್ದಲ್ಲ, ಮನೆಯವರೂ ಕೆಟ್ಟವರಲ್ಲ. ಜೋಡಿ ಕೂಡಿಬಂದಿಲ್ಲ, ಅಷ್ಟೆ.

2022ರಲ್ಲಿ ತೆರೆಕಂಡ ‘777 ಚಾರ್ಲಿ’ಯಲ್ಲಿ ಒಂಟಿ ಧರ್ಮನ ಮನೆಗೆ ಬಂದ ಲ್ಯಾಬ್ರಡಾರ್ ಇದ್ದಬದ್ದದ್ದನ್ನೆಲ್ಲ ಚೆಲ್ಲಾಪಿಲ್ಲಿ ಮಾಡುತ್ತದೆ. ನಾಯಿಗಾಗಿ ಧರ್ಮ ತನ್ನ ಬದುಕನ್ನೇ ಬದಲಿಸಿಕೊಂಡ. ಬಾಡಿಗೆ ಮನೆ, ಎರಡು ಉದ್ಯೋಗ, ಮಕ್ಕಳ ಪರೀಕ್ಷೆ ಎಂದು ಓಡುವ ಸಂಸಾರಗಳಿಗೆ ಅಷ್ಟು ಬದಲಾಗುವ ಬಿಡುವು ಇರುವುದಿಲ್ಲ. ಹಾಗಾಗಿ ಈಗಿರುವ ಬದುಕಿಗೆ ಹೊಂದುವ ನಾಯಿಯನ್ನು ಹುಡುಕುವುದೇ ಜಾಣತನ.

ಅಮೆರಿಕದ ಪ್ರಾಣಿದಯಾ ಸಂಸ್ಥೆ ಎಎಸ್‌ಪಿಸಿಎ ಈ ಕೆಲಸಕ್ಕೆಂದೇ ‘ಮೀಟ್ ಯುವರ್ ಮ್ಯಾಚ್’ ಎಂಬ ಕ್ರಮ ರೂಪಿಸಿತು. ಪ್ರಾಣಿ ವರ್ತನೆಯ ತಜ್ಞೆ ಎಮಿಲಿ ವೈಸ್ ಅದರ ರೂವಾರಿ. ನಾಯಿಯ ವರ್ತನೆಯನ್ನು ಪರೀಕ್ಷಿಸಿ, ದತ್ತು ಪಡೆಯುವವರಿಂದ ಪ್ರಶ್ನಾವಳಿ ತುಂಬಿಸಿ, ಎರಡನ್ನೂ ಬಣ್ಣದಿಂದ ಹೊಂದಿಸುವ ವಿಧಾನ ಅದು. ಹಸಿರು ಎಂದರೆ ತುಂಬ ಚುರುಕು, ಕಿತ್ತಳೆ ಮಧ್ಯಮ, ನೇರಳೆ ನೆಮ್ಮದಿಯ ಪ್ರಾಣಿ. ಬಣ್ಣದ ಚೀಟಿ ಇಲ್ಲದೆಯೂ ಆ ಲೆಕ್ಕವನ್ನು ನಾವೇ ಹಾಕಬಹುದು. ಹಂತಗಳು ಹೀಗಿವೆ.

1. ನಿಮ್ಮ ಮಂಗಳವಾರವನ್ನು ಬರೆದಿಡಿ

ನಾಯಿ ತರುವ ಯೋಚನೆ ಬರುವುದು ಸಾಮಾನ್ಯವಾಗಿ ಭಾನುವಾರ. ಎಲ್ಲರೂ ಮನೆಯಲ್ಲಿರುತ್ತಾರೆ, ಬಿಡುವಿರುತ್ತದೆ. ನಾಯಿ ಬದುಕಬೇಕಾದದ್ದು ಮಾತ್ರ ಮಂಗಳವಾರದಂಥ ದಿನಗಳಲ್ಲಿ. ಆದ್ದರಿಂದ ಒಂದು ಮಾಮೂಲಿ ಕೆಲಸದ ದಿನವನ್ನು ಗಂಟೆವಾರು ಬರೆಯಿರಿ. ಯಾರು ಎಷ್ಟಕ್ಕೆ ಏಳುತ್ತಾರೆ? ಮನೆ ಎಷ್ಟು ಹೊತ್ತು ಖಾಲಿ ಇರುತ್ತದೆ? ಟ್ರಾಫಿಕ್ ದಾಟಿ ಮನೆ ಸೇರಿದ ಮೇಲೆ ನಡೆಯುವ ತ್ರಾಣ ಯಾರಿಗೆ ಉಳಿದಿರುತ್ತದೆ? ಜಡಿಮಳೆಯ ದಿನ ಚೈನು ಹಿಡಿದು ಹೊರಡುವವರು ಯಾರು?

‘ನಾಯಿ ಬಂದ ಮೇಲೆ ನಾನೂ ಬೆಳಿಗ್ಗೆ ಓಡಲು ಶುರು ಮಾಡುತ್ತೇನೆ’ ಎನ್ನುವ ಲೆಕ್ಕ ಬೇಡ. ಕಳೆದ ಮೂರು ತಿಂಗಳಿಂದ ನಿಜಕ್ಕೂ ನಡೆಯುತ್ತಿರುವುದನ್ನಷ್ಟೇ ಬರೆಯಿರಿ. ಹಿರಿಯರ ಮಂಡಿನೋವು, ಮಕ್ಕಳ ವಯಸ್ಸು, ಲಿಫ್ಟ್ ಇದೆಯೋ ಇಲ್ಲವೋ ಎಲ್ಲವೂ ಹಾಳೆಯಲ್ಲಿರಲಿ. ಕೊನೆಗೆ ಒಂದು ಸಂಖ್ಯೆ ಸಿಗಬೇಕು: ದಿನಕ್ಕೆ ಎಷ್ಟು ನಿಮಿಷವನ್ನು ನಾಯಿಗೆಂದೇ ತಪ್ಪದೆ ಕೊಡಬಲ್ಲಿರಿ?

2. ಆ ಸಂಖ್ಯೆಯನ್ನು ನಾಯಿಗೆ ಹೊಂದಿಸಿ

ಅಂದಾಜಿಗೆ ಮೂರು ಗುಂಪು ಮಾಡಿಕೊಳ್ಳಬಹುದು.

ನೆಮ್ಮದಿಯ ನಾಯಿ: ದಿನಕ್ಕೆ 30ರಿಂದ 45 ನಿಮಿಷದ ನಿಧಾನ ನಡಿಗೆ ಸಾಕು. ಏಳೆಂಟು ವರ್ಷ ದಾಟಿದ ಬಹುತೇಕ ನಾಯಿಗಳು, ಶಾಂತ ಸ್ವಭಾವದ ವಯಸ್ಕ ನಾಯಿಗಳು ಇಲ್ಲಿ ಬರುತ್ತವೆ. ನಿವೃತ್ತರಿಗೆ, ಮನೆಯಿಂದಲೇ ಕೆಲಸ ಮಾಡುವವರಿಗೆ, ಮೊದಲ ಸಲ ನಾಯಿ ಸಾಕುವವರಿಗೆ ಇವು ಒಳ್ಳೆಯ ಜೊತೆ.

ಮಧ್ಯಮ ಚುರುಕು: ಬೆಳಿಗ್ಗೆ ಸಂಜೆ ಸೇರಿ ಸುಮಾರು ಒಂದು ಗಂಟೆ, ಜೊತೆಗೆ ಸ್ವಲ್ಪ ಆಟ. ಮನೆಗೆ ಒಗ್ಗಿದ ಹೆಚ್ಚಿನ ವಯಸ್ಕ ಇಂಡಿ (ದೇಸಿ) ನಾಯಿಗಳ ಅಳತೆ ಇದು. ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಚುರುಕಾಗಿದ್ದು ನಡುಹಗಲು ಮಲಗುವ ಅವುಗಳ ಕ್ರಮ ಕೆಲಸಕ್ಕೆ ಹೋಗುವವರ ದಿನಕ್ಕೆ ಸಹಜವಾಗಿ ಹೊಂದುತ್ತದೆ.

ಬಹಳ ಚುರುಕು: ಒಂದೂವರೆ–ಎರಡು ಗಂಟೆಯ ವ್ಯಾಯಾಮ, ಮೇಲೆ ತಲೆಗೆ ಕೆಲಸ. ಹರೆಯದ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಹಸ್ಕಿ ಇಲ್ಲಿಯವು. ನಿತ್ಯ ಓಡುವವರಿಗೆ, ಚಾರಣದ ಹವ್ಯಾಸದವರಿಗೆ, ನಾಯಿ ತರಬೇತಿಯಲ್ಲಿ ಆಸಕ್ತಿ ಇರುವವರಿಗೆ ಮಾತ್ರ.

ಸಂಖ್ಯೆ ಎರಡು ಗುಂಪುಗಳ ನಡುವೆ ನಿಂತರೆ ಕೆಳಗಿನದನ್ನೇ ಆರಿಸಿ. ಶಾಂತ ನಾಯಿಯನ್ನು ಇನ್ನೊಂದು ಸುತ್ತು ಹೆಚ್ಚು ನಡೆಸುವುದು ಸುಲಭ. ಚುರುಕು ನಾಯಿಯ ಓಟದ ಹಸಿವನ್ನು ಕಡಿಮೆ ಮಾಡಲು ಬರುವುದಿಲ್ಲ.

3. ತಳಿಗಿಂತ ವಯಸ್ಸು ದೊಡ್ಡದು

ಆರು ತಿಂಗಳಿಂದ ಎರಡು ವರ್ಷದವರೆಗೆ ನಾಯಿಯ ಹರೆಯ. ಯಾವ ತಳಿಯಾದರೂ ಆಗ ಹುರುಪು ಉಕ್ಕುತ್ತಿರುತ್ತದೆ, ಹೇಳಿದ ಮಾತು ಕಿವಿಗೆ ಬೀಳುವುದಿಲ್ಲ. ಮರಿ ಇನ್ನೂ ಬೇರೆ ಕತೆ. ದಿನದ ಬಹುಭಾಗ ನಿದ್ದೆ ಮಾಡಿದರೂ ಎಚ್ಚರವಾದಾಗಲೆಲ್ಲ ಉಚ್ಚೆಗೆ ಹೊರಗೆ ಬಿಡಬೇಕು, ಕಚ್ಚುವುದನ್ನು ತಪ್ಪಿಸಬೇಕು, ಜೊತೆಗಿರಬೇಕು. ಬೆಳಿಗ್ಗೆ ಬೀಗ ಹಾಕಿ ಸಂಜೆ ತೆರೆಯುವ ಮನೆಗೆ ಮರಿ ಬೇಡ. ಮೂರು ವರ್ಷ ದಾಟಿದ ನಾಯಿಯಾದರೆ ಸ್ವಭಾವ ಗಟ್ಟಿಯಾಗಿರುತ್ತದೆ. ತರುವಾಗ ಕಂಡದ್ದೇ ಮುಂದೆಯೂ ಸಿಗುವ ಸಂಭವ ಹೆಚ್ಚು.

ತಳಿಯ ಬಗ್ಗೆ ಕೆಲವು ತಪ್ಪು ಲೆಕ್ಕಗಳಿವೆ. ಮೈ ದೊಡ್ಡದಾದಷ್ಟೂ ಓಟ ಹೆಚ್ಚು ಬೇಕು ಎನ್ನುವುದು ಒಂದು. ಗ್ರೇಟ್ ಡೇನ್ ದಿನವಿಡೀ ಮಲಗಿರಬಲ್ಲದು, ಅಂಗೈ ಅಗಲದ ಟೆರಿಯರ್ ಮನೆಯಿಡೀ ಓಡಿಸಬಲ್ಲದು. ಮುಧೋಳ ನಾಯಿಯ ವಿಷಯದಲ್ಲೂ ಲೆಕ್ಕ ತಪ್ಪುವುದುಂಟು. ಬಾಗಲಕೋಟೆ ಸೀಮೆಯ ಈ ಬೇಟೆನಾಯಿ ಕಣ್ಣಿನಿಂದ ಬೇಟೆ ಗುರುತಿಸಿ ಬಾಣದ ವೇಗದಲ್ಲಿ ಓಡುವಂಥದ್ದು. ಸೇನೆ ತರಬೇತಿಗೆ ಒಯ್ದ ಸುದ್ದಿ ಓದಿ ಇದನ್ನು ಬಯಸುವವರಿದ್ದಾರೆ. ಮಟ್ಟಸವಾದ, ಬೇಲಿ ಇರುವ ಜಾಗದಲ್ಲಿ ಮನಸಾರೆ ಓಡಲು ಬಿಟ್ಟರೆ ಉಳಿದ ಹೊತ್ತು ಮನೆಯೊಳಗೆ ಆರಾಮಾಗಿ ಮಲಗುತ್ತದೆ. ಆ ಓಟ ಸಿಗದಿದ್ದರೆ ಬೆಕ್ಕು ಕಂಡ ಕ್ಷಣ ಚೈನು ಕಿತ್ತುಕೊಂಡು ಹೋದೀತು. ಹಸ್ಕಿ ಚಳಿನಾಡಿನಲ್ಲಿ ಜಾರುಬಂಡಿ ಎಳೆಯಲು ಬೆಳೆಸಿದ ತಳಿ. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಅದನ್ನು ಓಡಿಸುವಂತಿಲ್ಲ, ಓಡಿಸದೆಯೂ ಇರುವಂತಿಲ್ಲ.

ಹುರುಪಿಗಿಂತ ಅನುಭವವೇ ಮುಖ್ಯವಾಗುವ ನಾಯಿಗಳೂ ಇವೆ. ಪ್ರಯೋಗಾಲಯಗಳಿಂದ ಬಿಡುಗಡೆಯಾದ ಬೀಗಲ್‌ಗಳಿಗೆ ಬೆಂಗಳೂರಿನ ಕ್ಯೂಪಾ ಸಂಸ್ಥೆ ಮನೆ ಹುಡುಕಿಕೊಟ್ಟಿದೆ. ತಳಿಯ ಪುಸ್ತಕ ತೆರೆದರೆ ಬೀಗಲ್ ಮಹಾ ತುಂಟ. ಆದರೆ ಪಂಜರದಲ್ಲೇ ಬೆಳೆದ ಬೀಗಲ್‌ಗೆ ಹುಲ್ಲು, ಮೆಟ್ಟಿಲು, ಮಿಕ್ಸಿಯ ಸದ್ದು ಎಲ್ಲವೂ ಹೊಸತು. ಅದಕ್ಕೆ ಓಟಗಾರನಿಗಿಂತ ಸಮಾಧಾನಿ ಬೇಕು.

4. ಸಾಧುತನವೋ, ಕಾಯಿಲೆಯೋ?

ಬಹಳ ಜನ ಇದನ್ನು ಮರೆಯುತ್ತಾರೆ. ಹೊಸದಾಗಿ ರಕ್ಷಿಸಿದ ನಾಯಿ ಬೆಕ್ಕಿನ ಮರಿಯಷ್ಟು ಮೆತ್ತಗಿದ್ದರೆ ಅದು ಸ್ವಭಾವವೇ ಆಗಿರಬೇಕಿಲ್ಲ. ಉಣ್ಣಿಯಿಂದ ಹರಡುವ ಟಿಕ್ ಫೀವರ್ ನಮ್ಮಲ್ಲಿ ತೀರ ಸಾಮಾನ್ಯ. ಅದು ರಕ್ತಹೀನತೆ ತಂದು ನಾಯಿಯನ್ನು ಮಂಕಾಗಿಸುತ್ತದೆ. ಕೊಕ್ಕೆಹುಳು, ಹೊಟ್ಟೆಗಿಲ್ಲದ ದಿನಗಳು, ಗಾಯದ ನೋವು ಕೂಡ ಹಾಗೆಯೇ. ಚಿಕಿತ್ಸೆ ಆಗಿ ಹೊಟ್ಟೆ ತುಂಬ ಊಟ ಸಿಕ್ಕ ಒಂದೆರಡು ತಿಂಗಳಲ್ಲಿ ಬೇರೆಯದೇ ನಾಯಿ ಎದ್ದು ನಿಲ್ಲಬಹುದು.

ಆದ್ದರಿಂದ ರಕ್ತಪರೀಕ್ಷೆ ಆಗಿದೆಯೇ, ಪ್ಲೇಟ್‌ಲೆಟ್ ಎಷ್ಟಿದೆ, ಹುಳದ ಔಷಧಿ ಯಾವಾಗ ಕೊಟ್ಟರು, ರೇಬೀಸ್ ಲಸಿಕೆ ಮತ್ತು ಸಂತಾನಹರಣ ಚಿಕಿತ್ಸೆ ಆಗಿದೆಯೇ ಎಂದು ಕೇಳಿ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದರೆ, ಮೈ ತುಂಬಿಕೊಂಡ ಮೇಲೆ ಇನ್ನೊಮ್ಮೆ ನೋಡಿ ತೀರ್ಮಾನಿಸಿ.

5. ಒಂದೇ ಭೇಟಿಯಲ್ಲಿ ಒಪ್ಪಬೇಡಿ

ಬೆಂಗಳೂರಿನ ಕ್ಯೂಪಾ ಮತ್ತು ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್‌ನಂಥ ಕಡೆ ಹೋದಾಗ ‘ಯಾವ ನಾಯಿ ಇದೆ?’ ಎಂದು ಶುರು ಮಾಡುವ ಬದಲು, ಬರೆದ ಹಾಳೆ ತೋರಿಸಿ ‘ನಮ್ಮ ದಿನ ಹೀಗಿದೆ, ಯಾವುದು ಹೊಂದೀತು?’ ಎಂದು ಕೇಳಿ. ದಿನವೂ ಅನ್ನ ಹಾಕುವ ಸಿಬ್ಬಂದಿಗೆ ಪ್ರತಿ ನಾಯಿಯ ಗುಣ ಗೊತ್ತಿರುತ್ತದೆ.

ಗೂಡಿನೊಳಗಿನ ನಾಯಿ ನಿಜವಾದ ನಾಯಿಯಲ್ಲ. ನೂರಾರು ನಾಯಿಗಳ ಸದ್ದಿನಲ್ಲಿ ಕೆಲವು ಕಂಬಿಗೆ ನೆಗೆಯುತ್ತವೆ, ಕೆಲವು ಮುದುಡಿ ಕೂರುತ್ತವೆ. ಹೊರಗೆ ಕರೆತಂದು 20 ನಿಮಿಷ ನಡೆಸಿ. ಮೊದಲ ಐದು ನಿಮಿಷದ ಕುಣಿತವನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಂತರ ಒಂದು ಕಡೆ ಸುಮ್ಮನೆ ಕುಳಿತು, ನಾಯಿ ಎಷ್ಟು ಹೊತ್ತಿಗೆ ತಾನೂ ಸುಮ್ಮನಾಗುತ್ತದೆ ಎಂದು ನೋಡಿ. ಎಷ್ಟು ಕುಣಿಯಿತು ಎನ್ನುವುದಕ್ಕಿಂತ, ಕುಣಿದ ಮೇಲೆ ಎಷ್ಟು ಬೇಗ ತಣ್ಣಗಾಯಿತು ಎನ್ನುವುದೇ ಒಳ್ಳೆಯ ಗುರುತು. ಇನ್ನೊಮ್ಮೆ ಬೇರೆ ಹೊತ್ತಿನಲ್ಲಿ, ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ.

ದತ್ತು ಹೋಗುವ ತನಕ ನಾಯಿ ಯಾರದಾದರೂ ಫಾಸ್ಟರ್ ಮನೆಯಲ್ಲಿ ತಂಗಿದ್ದರೆ ಇನ್ನೂ ಒಳ್ಳೆಯದು. ಅವರಿಗೆ ಈ ಪ್ರಶ್ನೆಗಳನ್ನು ಕೇಳಿ:

- ಒಂಟಿಯಾಗಿ ಎಷ್ಟು ಗಂಟೆ ಇರುತ್ತದೆ? ಆಗ ಏನು ಮಾಡುತ್ತದೆ?
- ಒಂದು ದಿನ ವಾಕಿಂಗ್ ತಪ್ಪಿದರೆ ಸಂಜೆ ಹೇಗಿರುತ್ತದೆ?
- ರಾತ್ರಿ ಎಷ್ಟಕ್ಕೆ ಮಲಗುತ್ತದೆ, ಎಷ್ಟಕ್ಕೆ ಎಬ್ಬಿಸುತ್ತದೆ?
- ಚೈನು ಎಳೆಯುತ್ತದೆಯೇ? ವಯಸ್ಸಾದವರು ಹಿಡಿಯಬಹುದೇ?
- ಮಕ್ಕಳು ಓಡಿದರೆ, ಬೈಕು ಹೋದರೆ ಬೆನ್ನಟ್ಟುತ್ತದೆಯೇ?

ಸಂಸ್ಥೆಯವರು ನಿಮಗೂ ಪ್ರಶ್ನೆ ಕೇಳುತ್ತಾರೆ, ಮನೆ ನೋಡಲು ಬರುತ್ತಾರೆ. ಬೇಸರಿಸಬೇಡಿ. ಹೆಣ್ಣು ನೋಡುವ ಶಾಸ್ತ್ರದಂತೆ ಇಲ್ಲಿಯೂ ಎರಡೂ ಕಡೆಯವರು ವಿಚಾರಿಸಿಕೊಳ್ಳಬೇಕು. ಕೆಲವು ದಿನ ಫಾಸ್ಟರ್ ಆಗಿ ಇಟ್ಟುಕೊಳ್ಳಲು ಅವಕಾಶವಿದ್ದರೆ ಒಪ್ಪಿಕೊಳ್ಳಿ.

6. ಬೀದಿಯಿಂದ ನೇರ ತರುವ ಮುನ್ನ

ಕಿವಿಯ ಅಂಚು ಕತ್ತರಿಸಿದ ಬೀದಿನಾಯಿಗೆ ಸಂತಾನಹರಣ ಆಗಿದೆ ಎಂದರ್ಥ. ಆದರೆ ಮನೆಗೆ ತರಲು ಅದಷ್ಟೇ ಸಾಲದು. ಓಣಿಯಲ್ಲಿ ಊಟ, ನೆರಳು, ನಾಲ್ಕು ಮನೆಯ ಪ್ರೀತಿ ಇದ್ದು ಸುಖವಾಗಿರುವ ವಯಸ್ಕ ನಾಯಿಯನ್ನು ಕರುಣೆಯಿಂದ ಮೂರನೇ ಮಹಡಿಗೆ ತಂದು ಕಟ್ಟಿಹಾಕಿದರೆ, ದಿನವಿಡೀ ತಿರುಗಾಡುತ್ತಿದ್ದ ಅದಕ್ಕೆ ಎರಡು ವಾಕಿಂಗ್ ಯಾವ ಮೂಲೆಗೂ ಸಾಲದು. ಬೀದಿಯಲ್ಲಿ ಬದುಕಲಾಗದ ಮರಿಗಳು, ಕಾಲು ಕಳೆದುಕೊಂಡವು, ಸಾಕಿ ಬೀದಿಗೆ ಬಿಟ್ಟವು ಆಶ್ರಯತಾಣಗಳಲ್ಲಿ ಸಾಕಷ್ಟಿವೆ. ಮನೆ ಬೇಕಾದದ್ದು ಮೊದಲು ಅವಕ್ಕೆ.

ಹಾಗಂತ ಅಪಾರ್ಟ್‌ಮೆಂಟ್‌ನಲ್ಲಿದ್ದೇವೆ ಎಂದು ಹಿಂಜರಿಯಬೇಕಿಲ್ಲ. ನಿವಾಸಿಗಳ ಸಂಘ ಬಹುಮತದಿಂದಲೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಹುರುಪಿನ ಲೆಕ್ಕದಲ್ಲೂ ಮನೆಯ ಚದರಡಿಗಿಂತ ಹೊರಗೆ ಕರೆದೊಯ್ಯುವ ನಿಮಿಷಗಳೇ ಮುಖ್ಯ. ದೊಡ್ಡ ಅಂಗಳದಲ್ಲಿ ಒಂಟಿಯಾಗಿ ಬಿಟ್ಟ ನಾಯಿ ತಾನಾಗಿ ವ್ಯಾಯಾಮ ಮಾಡುವುದಿಲ್ಲ. ಗೇಟಿನ ಬಳಿ ಕೂತು ಬೊಗಳುತ್ತದೆ.

7. ಮೂರು ದಿನ, ಮೂರು ವಾರ, ಮೂರು ತಿಂಗಳು

ನಾಯಿ ರಕ್ಷಕರ ನಡುವೆ ಬಳಕೆಯಲ್ಲಿರುವ ಅಂದಾಜಿದು. ಮೊದಲ ಮೂರು ದಿನ ನಾಯಿ ಕಂಗಾಲಾಗಿರುತ್ತದೆ. ನೆಂಟರನ್ನು ಕರೆದು ತೋರಿಸಬೇಡಿ. ಮೂರು ವಾರದ ಹೊತ್ತಿಗೆ ಮನೆಯ ವೇಳಾಪಟ್ಟಿ ಅದಕ್ಕೆ ತಿಳಿದಿರುತ್ತದೆ, ನಿಜವಾದ ಹುರುಪು ಆಗ ಹೊರಬೀಳುತ್ತದೆ. ‘ತಂದಾಗ ಪಾಪ ಇತ್ತು, ಈಗ ಕೆಟ್ಟುಹೋಯಿತು’ ಎಂಬ ಮಾತು ಹುಟ್ಟುವುದು ಈ ಘಟ್ಟದಲ್ಲೇ. ಪೂರ್ತಿ ಒಗ್ಗಲು ಮೂರು ತಿಂಗಳು ಬೇಕು.

ಅಲ್ಪಸ್ವಲ್ಪ ಅಂತರವಿದ್ದರೆ ತುಂಬಿಕೊಳ್ಳಲು ದಾರಿಗಳಿವೆ. ವಾಕಿಂಗ್‌ನಲ್ಲಿ ಮೂಸಲು ಬಿಡಿ. ಅವಸರದ ನಡಿಗೆಗಿಂತ ಮೂಸುತ್ತ ನಿಧಾನವಾಗಿ ಸುತ್ತಿದರೆ ನಾಯಿಯ ಮನಸ್ಸು ಬೇಗ ದಣಿಯುತ್ತದೆ. ಊಟದ ಒಂದು ಪಾಲನ್ನು ಹಳೆಯ ಟವೆಲಿನಲ್ಲಿ ಸುತ್ತಿ ಅಥವಾ ರಟ್ಟಿನ ಡಬ್ಬದಲ್ಲಿ ಬಚ್ಚಿಟ್ಟು ಹುಡುಕಲು ಕೊಡಿ. ಬಿಡದೆ ಚೆಂಡು ಎಸೆಯುವುದರಿಂದ ನಾಯಿ ತಣ್ಣಗಾಗುವ ಬದಲು ಇನ್ನಷ್ಟು ಕೆರಳಬಹುದು. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನ ಮತ್ತು ಇಳಿದ ಮೇಲೆ ಮಾತ್ರ ಹೊರಡಿ. ಡಾಂಬರಿನ ಮೇಲೆ ನಿಮ್ಮ ಹಿಂಗೈ ಐದು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಬಿಸಿಯೇ.

8. ಹೊಂದಲೇ ಇಲ್ಲವೆಂದರೆ

ಮೊದಲು ಪಶುವೈದ್ಯರನ್ನೂ ತರಬೇತುದಾರರನ್ನೂ ಕಾಣಿ. ಆಮೇಲೂ ಆಗದಿದ್ದರೆ ತಂದ ಸಂಸ್ಥೆಗೇ ಮರಳಿಸಿ. ಪರಿಚಯದವರ ತೋಟಕ್ಕೆ ದಾಟಿಸುವುದು, ಹೊರವಲಯದಲ್ಲಿ ಇಳಿಸಿ ಬರುವುದು ಬೇಡ. ಹಸಿವು, ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಮರಳಿಸುವಾಗ ತಲೆ ತಗ್ಗಿಸಿ ಎರಡು ಮಾತಾಡಿ ಓಡಿಬರಬೇಡಿ. ದಿನಕ್ಕೆ ಎಷ್ಟು ಹೊತ್ತು ನಡೆಸಿದಿರಿ, ಎಷ್ಟು ಗಂಟೆ ಒಂಟಿಯಾಗಿತ್ತು, ಯಾವಾಗ ಕೆರಳುತ್ತಿತ್ತು, ಯಾವಾಗ ಶಾಂತವಾಗುತ್ತಿತ್ತು, ಯಾರೊಂದಿಗೆ ಚೆನ್ನಾಗಿತ್ತು ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಡಿ. ಮನೆಯೊಳಗೆ ಆ ನಾಯಿ ಹೇಗಿರುತ್ತದೆ ಎಂಬುದು ಆಶ್ರಯತಾಣದವರಿಗೆ ಬೇರೆ ರೀತಿಯಲ್ಲಿ ಗೊತ್ತಾಗುವಂತಿಲ್ಲ. ಮುಂದೆ ಬರುವ ಕುಟುಂಬ ಸರಿಯಾದ ಆಯ್ಕೆ ಮಾಡಲು ಆ ಒಂದು ಪುಟ ಸಾಕು.