ಗಗನಚುಕ್ಕಿ, ಭರಚುಕ್ಕಿ ಮತ್ತು ಕಳೆದುಹೋದ ಒಂಬತ್ತು ಊಟ

ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಕವಲೊಡೆಯುತ್ತಾಳೆ. ಒಂದು ಕವಲು ಗಗನಚುಕ್ಕಿಯಲ್ಲಿ ಧುಮುಕಿದರೆ ಇನ್ನೊಂದು ಭರಚುಕ್ಕಿಯಲ್ಲಿ. ಕೆಳಗೆ ಎರಡೂ ಮತ್ತೆ ಸೇರುತ್ತವೆ. ಮಳವಳ್ಳಿ ದಾಟುವಾಗಲೇ ನಮ್ಮಲ್ಲೊಬ್ಬ ‘ಇದು ಫೋರ್ಕ್, ಅದು ಜಾಯಿನ್’ ಅಂದ. ಆಪರೇಟಿಂಗ್ ಸಿಸ್ಟಮ್ ಇಂಟರ್ನಲ್ಸ್ ಮುಗಿದು ಎರಡೇ ದಿನ ಆಗಿತ್ತು, ಕ್ಷಮಿಸಿಬಿಟ್ವಿ.

ಆದರೆ ಹೋಲಿಕೆ ಒಂದು ಕಡೆ ಕೈಕೊಡುತ್ತೆ. ನೀರು ಸೇರಿದರೆ ತಾನಾಗಿ ಕೂಡಿಕೊಳ್ಳುತ್ತೆ. ಪ್ರೋಗ್ರಾಂ ಹಾಗಲ್ಲ.

ಎರಡೂ ಜಲಪಾತಗಳ ಹತ್ತಿರ ಬಂದವರನ್ನು ಎರಡು ಥ್ರೆಡ್‌ಗಳು ಎಣಿಸಿ, ‘ಒಟ್ಟು’ ಎಂಬ ಒಂದೇ ವೇರಿಯಬಲ್‌ಗೆ ಸೇರಿಸುತ್ತವೆ ಅಂದುಕೊಳ್ಳಿ. ‘ಒಟ್ಟು = ಒಟ್ಟು + 1’ ನೋಡೋಕೆ ಒಂದೇ ಸಾಲು. ಒಳಗೆ ಮೂರು ಕೆಲಸ: ಓದು, ಕೂಡು, ಬರೆ. ಒಟ್ಟು 40 ಇದೆ. ಗಗನಚುಕ್ಕಿಯ ಥ್ರೆಡ್ 40 ಅಂತ ಓದಿತು. ಅದು ಬರೆಯುವ ಮೊದಲೇ ಭರಚುಕ್ಕಿಯದೂ 40 ಅಂತಲೇ ಓದಿತು. ಇಬ್ಬರೂ 41 ಬರೆದರು. ಬಂದವರು ಇಬ್ಬರು, ಏರಿದ್ದು ಒಂದು. ಎರರ್ ಮೆಸೇಜ್ ಕೂಡ ಬರಲ್ಲ.

ನಮ್ಮ ಕಾರ್ಯಕ್ರಮದ ನೋಂದಣಿಯಲ್ಲಿ ಆದದ್ದು ಇದೇ. ಲ್ಯಾಪ್‌ಟಾಪಿನಲ್ಲಿ ಎಷ್ಟು ಸಲ ಓಡಿಸಿದರೂ ಸರಿಯಿತ್ತು. ಆ ದಿನ ಪಟ್ಟಿಯಲ್ಲಿ 212 ಹೆಸರು, ‘ಒಟ್ಟು’ ಮಾತ್ರ 203. ಊಟ ಕಡಿಮೆ ಬಿತ್ತು, ಅಡುಗೆಯವರ ಮೇಲೆ ರೇಗಿದ್ವಿ. ಊಟಕ್ಕಾದರೆ ಇಷ್ಟು. 1985ರಿಂದ 87ರವರೆಗೆ ಅಮೆರಿಕ, ಕೆನಡಾಗಳಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ ಆರು ರೋಗಿಗಳಿಗೆ ಅತಿಯಾದ ವಿಕಿರಣ ಕೊಟ್ಟಿತು. ಕಾರಣಗಳಲ್ಲಿ ಇಂಥ ರೇಸ್ ಕಂಡಿಷನ್ನೂ ಒಂದು.

ಲಾಕ್ ಹಾಕಿದರೆ ಸರಿಹೋಗುತ್ತೆ, ನಿಜ. ಆದರೆ ಲಾಕ್ ಎರಡಾದರೆ ಡೆಡ್‌ಲಾಕ್ ಭಯ: ಕಿರಿದಾದ ಸೇತುವೆಗೆ ಎರಡೂ ತುದಿಯಿಂದ ಲಾರಿ ನುಗ್ಗಿದ ಹಾಗೆ, ಹಿಂದೆ ಸರಿಯೋಕೆ ಯಾರೂ ಒಪ್ಪಲ್ಲ.

1978ರಲ್ಲಿ ಟೋನಿ ಹೋರ್ ಸಿಎಸ್‌ಪಿ ಲೇಖನದಲ್ಲಿ ಬೇರೆ ದಾರಿ ತೋರಿಸಿದರು. ಹಂಚಿಕೊಂಡ ವೇರಿಯಬಲ್ಲೇ ಬೇಡ. ‘ಒಟ್ಟು’ ಒಂದೇ ಪ್ರಾಸೆಸ್ಸಿನ ಕೈಲಿರಲಿ, ಉಳಿದವರು ‘ಒಬ್ಬರು ಬಂದರು’ ಅಂತ ಸಂದೇಶ ಕಳಿಸಲಿ. ಕಳಿಸುವವ, ಪಡೆಯುವವ ಇಬ್ಬರೂ ಸಿದ್ಧರಾದಾಗಲೇ ಸಂದೇಶ ದಾಟುವುದು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಇಲ್ಲಿನ ಪವರ್‌ಹೌಸ್ ನೋಡುತ್ತಾ ಇಇಇ ಗೆಳತಿ ಅಂದಳು: ಓಡುತ್ತಿರುವ ಲೈನಿಗೆ ಇನ್ನೊಂದು ಜನರೇಟರ್ ಸೇರಿಸಬೇಕಾದರೂ ವೋಲ್ಟೇಜ್, ಫ್ರೀಕ್ವೆನ್ಸಿ, ಫೇಸ್ ಕೂಡಿಬರುವವರೆಗೆ ಕಾಯಬೇಕು. ನದಿಯ ಹೋಲಿಕೆಗಿಂತ ಇದು ವಾಸಿ.

ಇದರಲ್ಲೂ ಇಬ್ಬರೂ ಪಡೆಯೋಕೇ ಕಾಯುತ್ತಾ ಕುಳಿತರೆ ಡೆಡ್‌ಲಾಕ್ ತಪ್ಪಿದ್ದಲ್ಲ. ನೋಂದಣಿಯ ಕೋಡನ್ನು ಗೋ ಭಾಷೆಯ ಚಾನೆಲ್ ಬಳಸಿ ತಿರುಗಿ ಬರೆದಿದ್ದೇವೆ. ಅಡುಗೆಯವರಿಗೆ ವಿಷಯ ಹೇಳುವುದು ಮಾತ್ರ ಇನ್ನೂ ಬಾಕಿ.