ಮಿಕ್ಕ ಮೊಟ್ಟೆಗಳಿಗೆ ತಕ್ಕ ಕ್ರಯ



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿತ್ತಲಲ್ಲಿ ಕೋಳಿ ಕೆದಕದ ಮನೆಗಳು ಕೊಂಚವೇ. ಹೊಗೆಸೊಪ್ಪು ಬೆಳೆಯುವ ಮನೆಗೆ ಹಣವು ವರ್ಷದಲ್ಲಿ ಒಂದು ಕಾಲಕ್ಕೆ ಮಾತ್ರ, ಕಟ್ಟೆಮಳಲವಾಡಿ, ಕಂಪಲಾಪುರ ಮುಂತಾದ ಕಡೆಗಳ ಹರಾಜು ಕಟ್ಟೆಯಿಂದ ಬರುತ್ತದೆ. ಬಂದದ್ದರಲ್ಲಿ ಬಹುಭಾಗವು ಸಾಲಕ್ಕೆ ಸಲ್ಲುತ್ತದೆ. ಭತ್ತದ ಹಣವೂ ಹಾಗೆಯೇ. ಮೊಟ್ಟೆಯ ಹಣವಾದರೋ ವಾರವಾರಕ್ಕೂ ಬರುವಂಥದ್ದು. ಅಲ್ಲದೆ ಸಾಧಾರಣವಾಗಿ ಮನೆಯ ಹೆಂಗಸಿನ ಕೈಗೇ ಬರುವಂಥದ್ದು. ಉಪ್ಪು, ಸಾಬೂನು, ಮಗುವಿನ ಔಷಧ, ಶಾಲೆಯ ಪುಸ್ತಕ ಇವೆಲ್ಲವೂ ಅನೇಕ ಮನೆಗಳಲ್ಲಿ ಈ ಸಣ್ಣ ಹಣದಿಂದಲೇ ನಡೆಯುತ್ತವೆ.

ಹೀಗಿದ್ದರೂ ಹೊಗೆಸೊಪ್ಪಿನ ಬೇಲ್ ಒಂದೊಂದಕ್ಕೂ ಕಟ್ಟೆಯಲ್ಲಿ ಬೆಲೆಯು ದಾಖಲಾಗುವಾಗ, ಮೊಟ್ಟೆಗೆ ಮಾತ್ರ ಬಾಗಿಲಿಗೆ ಬಂದ ವ್ಯಾಪಾರಿಯ ಬಾಯಿಮಾತೇ ಬೆಲೆಯಾಗಿದೆ. “ಫಾರಂ ಮೊಟ್ಟೆ ಇದಕ್ಕಿಂತ ದಪ್ಪ ಐತೆ ಕಣಕ್ಕ, ಅದರ ರೇಟೇ ಕೊಡ್ತೀನಿ” ಎಂದು ಅವನು ಹೇಳಿದರೆ, ಲೆಕ್ಕವಿಡದ ತಾಯಿಗೆ ಉತ್ತರ ಕೊಡುವದಕ್ಕಾಗುವದಿಲ್ಲ. ಆ ಉತ್ತರವನ್ನು ಕಂಡುಕೊಳ್ಳುವದೇ ಈ ಪಾಠದ ಉದ್ದೇಶವಾಗಿದೆ.

೧. ಮಿಕ್ಕದ್ದು ಯಾವದು?

ಮಾರತಕ್ಕದ್ದು ಮಿಕ್ಕ ಮೊಟ್ಟೆಗಳನ್ನೇ ಹೊರತು ಎಲ್ಲಾ ಮೊಟ್ಟೆಗಳನ್ನಲ್ಲ. ಬೆಳೆಯುವ ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಬೇಕಾದದ್ದನ್ನು ಮೊದಲು ತೆಗೆದಿಡಬೇಕು, ಆಮೇಲೆ ಕಾವಿಗೆ ಇಡತಕ್ಕವುಗಳನ್ನು ಆರಿಸಬೇಕು, ಉಳಿದದ್ದೇ ಮಿಕ್ಕದ್ದು. ೪೦ ಗ್ರಾಂ ತೂಗುವ ಒಂದು ನಾಟಿ ಮೊಟ್ಟೆಯಲ್ಲಿ ಸುಮಾರು ನಾಲ್ಕೂವರೆ ಗ್ರಾಂ ಉತ್ತಮವಾದ ಸಸಾರಜನಕವುಂಟು. ಇಂಥ ಮೊಟ್ಟೆಯನ್ನು ಮಾರಿ ಆ ಹಣದಿಂದ ಅಂಗಡಿಯ ಬಿಸ್ಕತ್ತನ್ನು ತಂದು ಮಗುವಿಗೆ ಕೊಡುವದು ಚಿನ್ನ ಕೊಟ್ಟು ಹಿತ್ತಾಳೆ ಕೊಂಡಂತೆ. ಗಂಡುಮಗುವಿಗೆ ಮೊಟ್ಟೆ, ಹೆಣ್ಣುಮಗುವಿಗೆ ಬರೀ ಸಾರು ಎಂಬ ಪದ್ಧತಿಯು ಎಲ್ಲಿ ಉಳಿದಿದ್ದರೂ ಅದನ್ನು ಬಿಟ್ಟುಬಿಡತಕ್ಕದ್ದು.

೨. ಒಂದು ಮೊಟ್ಟೆಯು ನಮಗೆ ಎಷ್ಟಕ್ಕೆ ಬಿತ್ತು?

ಬೆಲೆಯನ್ನು ಹೇಳುವದಕ್ಕೆ ಮುಂಚೆ ಮೊಟ್ಟೆಗೆ ತಗಲಿದ ವೆಚ್ಚವನ್ನು ಅರಿಯಬೇಕು. ಉದಾಹರಣೆಗಾಗಿ ಆರು ನಾಟಿ ಹ್ಯಾಟೆಗಳೂ ಒಂದು ಹುಂಜವೂ ಇರುವ ಒಂದು ಮನೆಯನ್ನು ತೆಗೆದುಕೊಳ್ಳೋಣ. ಇಲ್ಲಿನ ದರಗಳು ಲೆಕ್ಕ ಕಲಿಯುವದಕ್ಕಾಗಿ ಇಟ್ಟವು. ನಿಮ್ಮ ಊರಿನ ದರವನ್ನು ಹಾಕಿ ನೀವೇ ಮಾಡಿ ನೋಡಬೇಕು.

ನಾಟಿ ಕೋಳಿಯು ವರ್ಷಕ್ಕೆ ಸುಮಾರು ೬೦ ಮೊಟ್ಟೆಗಳನ್ನಿಡುತ್ತದೆ. ಆರು ಕೋಳಿಗಳಿಗೆ ೩೬೦ ಆಯಿತು. ಒಡೆದದ್ದು, ಕೆಟ್ಟದ್ದು ಇಪ್ಪತ್ತಕ್ಕೆ ಒಂದರಂತೆ ಕಳೆದರೆ ೩೪೨ ಉಳಿಯುವವು. ವೆಚ್ಚವಾದರೋ ಹೀಗೆ: ಏಳು ಪಕ್ಷಿಗಳಿಗೆ ದಿನಕ್ಕೆ ತಲೆಗೆ ೩೦ ಗ್ರಾಂ ರಾಗಿ ಅಥವಾ ನುಚ್ಚು ಎರಚಿದರೆ ವರ್ಷಕ್ಕೆ ಸುಮಾರು ೭೭ ಕಿಲೋ, ಕಿಲೋಗೆ ೩೦ ರೂಪಾಯಿಯಂತೆ ೨,೩೧೦ ರೂಪಾಯಿ. ಲಸಿಕೆ ಮತ್ತು ಔಷಧಕ್ಕೆ ೨೦೦, ಗೂಡಿನ ದುರಸ್ತಿಗೆ ೩೦೦, ವರ್ಷಕ್ಕೆ ಒಂದು ಕೋಳಿಯಾದರೂ ಕಬ್ಬೆಕ್ಕಿಗೋ ರೋಗಕ್ಕೋ ಹೋಗುವದೆಂದು ೪೦೦. ಒಟ್ಟು ೩,೨೧೦ ರೂಪಾಯಿ. ಇದನ್ನು ೩೪೨ರಿಂದ ಭಾಗಿಸಿದರೆ ಒಂದು ಮೊಟ್ಟೆಗೆ ೯ ರೂಪಾಯಿ ೪೦ ಪೈಸೆಗೆ ಸಮೀಪವಾಗುತ್ತದೆ.

“ರಾಗಿ ನಮ್ಮ ಹೊಲದ್ದೇ, ಅದಕ್ಕೇನು ಲೆಕ್ಕ?” ಎಂದು ಕೆಲವರು ಕೇಳುವರು. ಆ ರಾಗಿಯನ್ನು ಮಾರಿದ್ದರೆ ಹಣ ಬರುತ್ತಿತ್ತಲ್ಲವೇ? ಆದದರಿಂದ ಮಾರಲಾಗುವ ಧಾನ್ಯಕ್ಕೆ ಬೆಲೆ ಹಾಕಲೇಬೇಕು. ಮಾರಲಾಗದ ಜೊಳ್ಳು, ಕಣದ ಉದುರುಕಾಳು, ಅಡಿಗೆಮನೆಯ ಉಳಿಕೆ ಇವುಗಳಿಗೆ ಮಾತ್ರ ಬೆಲೆ ಹಾಕಬೇಕಾದದ್ದಿಲ್ಲ. ಇಂಥವುಗಳಿಂದ ಅರ್ಧ ಮೇವು ನಡೆದರೆ ಧಾನ್ಯದ ವೆಚ್ಚವು ೧,೧೫೫ಕ್ಕೆ ಇಳಿದು, ಮೊಟ್ಟೆಯು ೬ ರೂಪಾಯಿಗೆ ಬೀಳುತ್ತದೆ. ಹೀಗೆ ಬೆಲೆಯನ್ನು ಏರಿಸದೆಯೂ ಲಾಭವನ್ನು ಹೆಚ್ಚಿಸುವ ದಾರಿಯುಂಟೆಂದು ತಿಳಿದುಬರುತ್ತದೆ. ಆದರೆ ತಾಯಿಯ ದುಡಿಮೆಗೆ ಈ ಎರಡು ಲೆಕ್ಕಗಳಲ್ಲಿಯೂ ಒಂದು ಕಾಸೂ ಸೇರಿಲ್ಲವೆಂಬದನ್ನು ಮರೆಯಬಾರದು.

೩. ಪೇಟೆಯ ಬೆಲೆಯು ಹೇಗೆ ಹುಟ್ಟುತ್ತದೆ?

ಫಾರಂ ಮೊಟ್ಟೆಯ ಸಗಟು ಬೆಲೆಯನ್ನು ದಿನದಿನವೂ ಸೂಚಿಸುವ ಸಂಸ್ಥೆಯು ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ. ಇದು ೧೯೮೨ರಲ್ಲಿ ಡಾಕ್ಟರ್ ಬಿ. ವಿ. ರಾವ್ ಅವರ ಮುಂದಾಳುತನದಲ್ಲಿ ಹುಟ್ಟಿತು. ಅದಕ್ಕೆ ಮುಂಚೆ ಕೋಳಿ ಸಾಕುವವರು ವ್ಯಾಪಾರಿಗಳು ಹೇಳಿದ ಬೆಲೆಗೆ ತಲೆಬಾಗಬೇಕಾಗಿತ್ತು. ಮೊಟ್ಟೆ ಯಾರದೋ ಬೆಲೆಯನ್ನೂ ಅವರೇ ಹೇಳಬೇಕೆಂದು ಅವರು ಒಗ್ಗಟ್ಟಾದರು. ಈ ಸಮಿತಿಯು ೧೦೦ ಮೊಟ್ಟೆಗಳಿಗೆ ಇಂತಿಷ್ಟೆಂದು ಬೆಲೆ ಹೇಳುತ್ತದೆ. ಅದರ ಪಟ್ಟಿಯಲ್ಲಿ ಬೆಂಗಳೂರಿನಂತೆ ಮೈಸೂರಿನ ಹೆಸರೂ ಇದೆ. ಓದು ಬಲ್ಲ ಮಕ್ಕಳು ಇದನ್ನು ಮೊಬೈಲಿನಲ್ಲಿ ನೋಡಿ ತಾಯಂದಿರಿಗೆ ಹೇಳಬಹುದು. ನೂರರ ಬೆಲೆಯನ್ನು ನೂರರಿಂದ ಭಾಗಿಸಿದರೆ ಒಂದರ ಸಗಟು ಬೆಲೆ ಸಿಕ್ಕುತ್ತದೆ. ಅಂಗಡಿಯವನು ಅದರ ಮೇಲೆ ತನ್ನ ಸಾಗಣೆ ಮತ್ತು ಲಾಭವನ್ನು ಸೇರಿಸಿ ಮಾರುತ್ತಾನೆ.

ಈ ಬೆಲೆಯು ಕಾಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಚಳಿಗಾಲದಲ್ಲಿಯೂ, ಕ್ರಿಸ್ಮಸ್ ಕೇಕಿನ ಕಾಲವಾದ ಡಿಸೆಂಬರಿನಲ್ಲಿಯೂ ಏರುವದು. ಬೇಸಿಗೆಯಲ್ಲಿಯೂ, ಅನೇಕರು ಮಾಂಸ ಮೊಟ್ಟೆಗಳನ್ನು ಬಿಡುವ ಶ್ರಾವಣ ಮಾಸದಲ್ಲಿಯೂ ಇಳಿಯುವದು. ಸರ್ಕಾರಿ ಶಾಲೆಗಳ ಮಕ್ಕಳಿಗೆ ಮೊಟ್ಟೆ ಕೊಡುವ ಏರ್ಪಾಡು ೨೦೨೪ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಸಹಾಯದಿಂದ ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಿತು. ಆಗ ಗೊತ್ತಾಗಿದ್ದ ಮೊತ್ತವು ಬೇಯಿಸುವ, ಸುಲಿಯುವ ವೆಚ್ಚವೂ ಸೇರಿ ಮೊಟ್ಟೆಗೆ ೬ ರೂಪಾಯಿ. ನಮ್ಮ ಲೆಕ್ಕದ ಮುಂದೆ ಇದನ್ನಿಟ್ಟು ನೋಡಿದರೆ, ಅಂಥ ದರಕ್ಕೆ ನಾಟಿ ಮೊಟ್ಟೆಯನ್ನು ಒದಗಿಸುವದು ನಷ್ಟವೆಂದು ಸ್ಪಷ್ಟವಾಗುತ್ತದೆ.

೪. ನಾಟಿ ಮೊಟ್ಟೆಗೆ ಹೆಚ್ಚು ಬೆಲೆ ಯಾಕೆ?

ಫಾರಂ ಕೋಳಿಯು ವರ್ಷಕ್ಕೆ ೩೦೦ರ ಸುಮಾರು ಮೊಟ್ಟೆಗಳನ್ನಿಡುತ್ತದೆ, ನಾಟಿ ಕೋಳಿಯು ಅದರ ಐದರಲ್ಲೊಂದು ಪಾಲು. ಆದಕಾರಣ ಎರಡಕ್ಕೂ ಒಂದೇ ಬೆಲೆಯು ನ್ಯಾಯವಲ್ಲ. ಫಾರಂ ಮೊಟ್ಟೆ ಸುಮಾರು ೫೫ ಗ್ರಾಂ ತೂಗುತ್ತದೆ. ೭ ರೂಪಾಯಿಗೆ ಕೊಂಡರೆ ಗ್ರಾಂಗೆ ೧೩ ಪೈಸೆಯೊಳಗೆ ಬಿತ್ತು. ೪೦ ಗ್ರಾಂನ ನಾಟಿ ಮೊಟ್ಟೆಯನ್ನು ೧೨ ರೂಪಾಯಿಗೆ ಕೊಂಡರೆ ಗ್ರಾಂಗೆ ೩೦ ಪೈಸೆ. ಎರಡು ಪಾಲಿಗಿಂತಲೂ ಹೆಚ್ಚನ್ನು ಪೇಟೆಯವನು ಯಾಕೆ ಕೊಡುತ್ತಾನೆ? ರುಚಿಗಾಗಿ, ಹೊಸತೆಂಬ ಭರವಸಕ್ಕಾಗಿ, ಬಯಲಲ್ಲಿ ಮೇಯ್ದ ಕೋಳಿಯದೆಂಬ ನಂಬಿಕೆಗಾಗಿ. ಪುಷ್ಟಿಯಲ್ಲಿ ಎರಡಕ್ಕೂ ಮಹಾ ಭೇದವಿಲ್ಲ. ರೋಗ ವಾಸಿಮಾಡುತ್ತದೆಂದು ಹೇಳಿ ಮಾರುವದು ಸುಳ್ಳು.

ಬೆಲೆಯು ನಂಬಿಕೆಯ ಮೇಲೆ ನಿಂತಿರುವದರಿಂದ, ನಂಬಿಕೆ ಕೆಟ್ಟರೆ ಬೆಲೆಯೂ ಕೆಡುವದು. ಫಾರಂ ಮೊಟ್ಟೆಗೆ ಚಹಾದ ನೀರಿನಲ್ಲಿ ಬಣ್ಣ ಕಟ್ಟಿ ನಾಟಿಯೆಂದು ಮಾರುವವರುಂಟು. ಅದರಂತೆಯೇ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಲ್ಪಟ್ಟ ಗಿರಿರಾಜ, ಸ್ವರ್ಣಧಾರ ತಳಿಗಳು ನಾಟಿಗಿಂತ ಎರಡು ಪಾಲಿಗೂ ಮೀರಿ ಮೊಟ್ಟೆ ಇಡುತ್ತವೆ. ಅವು ಹಿತ್ತಲಲ್ಲಿ ಸಾಕತಕ್ಕ ಒಳ್ಳೇ ಕೋಳಿಗಳೇ. ಆದರೆ ಅವುಗಳ ಮೊಟ್ಟೆಯನ್ನು ಗಿರಿರಾಜದ್ದೆಂದು ಹೇಳಿ, ನಾಟಿಗಿಂತ ಒಂದೆರಡು ರೂಪಾಯಿ ಕಡಿಮೆಗೆ ಮಾರುವದು ಯಥಾರ್ಥವು. ಮೊಟ್ಟೆ ಹೆಚ್ಚಾಗಿರುವದರಿಂದ ಆ ಬೆಲೆಯಲ್ಲಿಯೂ ಲಾಭ ಉಳಿಯುತ್ತದೆ.

೫. ಕೆಡದಂತೆ ಕಾಪಾಡುವದು

ಹುಂಜದೊಡನೆ ಇರುವ ಕೋಳಿಯ ಮೊಟ್ಟೆಯಲ್ಲಿ ಜೀವಾಂಕುರವಿರುತ್ತದೆ. ಸೆಕೆಯಲ್ಲಿ ಇಟ್ಟರೆ ಅದು ಬೆಳೆಯತೊಡಗಿ ಮೊಟ್ಟೆಯು ಬೇಗನೆ ಕೆಡುತ್ತದೆ. ಆದದರಿಂದ ಬೆಳಿಗ್ಗೆಯೂ ಸಾಯಂಕಾಲವೂ ಗೂಡಿನಿಂದ ಮೊಟ್ಟೆಗಳನ್ನು ತೆಗೆಯಬೇಕು. ಒದ್ದೆ ಮರಳಿನ ಮೇಲೆ ಇಟ್ಟ ಮಣ್ಣಿನ ಮಡಕೆಯಲ್ಲಿ, ಒಣ ತೌಡಿನ ನಡುವೆ, ದಪ್ಪ ತುದಿಯು ಮೇಲಾಗುವಂತೆ ಇಡತಕ್ಕದ್ದು. ನೀರಿನಲ್ಲಿ ತೊಳೆಯಕೂಡದು, ಯಾಕಂದರೆ ಚಿಪ್ಪಿನ ಮೇಲಿರುವ ತೆಳು ಪೊರೆಯು ಹೋದರೆ ಸೂಕ್ಷ್ಮ ರಂಧ್ರಗಳೊಳಗಿಂದ ಕೊಳೆಯು ಒಳಸೇರುತ್ತದೆ. ಕೆಸರನ್ನು ಒಣ ಬಟ್ಟೆಯಿಂದ ಒರಸಿದರೆ ಸಾಕು. ಬೇಸಿಗೆಯಲ್ಲಿ ಮೂರು ನಾಲ್ಕು ದಿನಗಳೊಳಗೆ, ಚಳಿಗಾಲದಲ್ಲಿ ಒಂದು ವಾರದೊಳಗೆ ಮಾರುವದು ಉತ್ತಮ. ಸಂದೇಹವಿದ್ದರೆ ನೀರಿನ ಪಾತ್ರೆಯಲ್ಲಿ ಬಿಡಿರಿ: ಅಡ್ಡಲಾಗಿ ಮುಳುಗಿದ್ದು ಹೊಸತು, ನೆಟ್ಟಗೆ ನಿಂತದ್ದು ಹಳೆಯದು, ತೇಲಿದ್ದು ಮಾರತಕ್ಕದ್ದಲ್ಲ. ಹೀಗೆ ನೀರಿಗೆ ಬಿಟ್ಟದ್ದನ್ನು ಕೂಡಲೆ ಒರಸಿ ಮನೆಯಲ್ಲೇ ಬಳಸಿರಿ.

೬. ಎಲ್ಲಿ ಮಾರಬೇಕು?

ಬಾಗಿಲಿಗೆ ಬರುವ ವ್ಯಾಪಾರಿಗೆ ಮಾರುವದು ಸುಲಭ. ಅವನೂ ಬಿಸಿಲಲ್ಲಿ ಊರೂರು ತಿರುಗುವವನು, ಅವನಿಗೂ ಕೂಲಿ ಸಲ್ಲಬೇಕು. ಆದರೆ ಪೇಟೆಯಲ್ಲಿ ೧೨ ರೂಪಾಯಿ ನಡೆಯುವಾಗ ಅವನು ೭ ಕೊಟ್ಟರೆ ಅದು ಕೂಲಿಗಿಂತ ಹೆಚ್ಚು. ಸಂತೆಗೆ ಹೋಗುವವರು ಬಸ್ಸಿನ ವೆಚ್ಚವನ್ನು ಲೆಕ್ಕಿಸಬೇಕು. ಹೋಗಿಬರಲು ೬೦ ರೂಪಾಯಿಯಾದರೆ, ೩೦ ಮೊಟ್ಟೆ ಒಯ್ದವನಿಗೆ ಮೊಟ್ಟೆಗೆ ೨ ರೂಪಾಯಿಯೂ, ೬೦ ಒಯ್ದವನಿಗೆ ೧ ರೂಪಾಯಿಯೂ ತಗಲುತ್ತದೆ. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯು ಕರ್ನಾಟಕದ ಹೆಂಗಸರಿಗೆ ಸರ್ಕಾರದ ಸಾಧಾರಣ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಕೊಟ್ಟದ್ದರಿಂದ, ಮೊಟ್ಟೆ ಮಾರುವ ತಾಯಂದಿರಿಗೆ ಈ ವೆಚ್ಚವು ತಪ್ಪಿತು.

ಸಂತೆಗಿಂತಲೂ ಮೇಲಾದದ್ದು ಗೊತ್ತಾದ ಗಿರಾಕಿಗಳು. ಹುಣಸೂರು ಪೇಟೆಯ ಮನೆಗಳು, ಕಬಿನಿಯ ಕಡೆಯ ವಸತಿಗೃಹಗಳು, ಪಿರಿಯಾಪಟ್ಟಣದಾಚೆ ಕುಶಾಲನಗರದ ಹೋಟೆಲುಗಳು ಇಂಥ ಸ್ಥಳಗಳವರಿಗೆ ವಾರವಾರವೂ ತಪ್ಪದೆ ಮೊಟ್ಟೆ ಬೇಕು. ಒಂದು ಮನೆಯಿಂದ ಇದು ಸಾಗದು; ನಮ್ಮ ಉದಾಹರಣೆಯ ಮನೆಯಲ್ಲಿ ವಾರಕ್ಕೆ ಆರೇಳು ಮೊಟ್ಟೆಗಳು ಹುಟ್ಟಿದರೆ, ಮಕ್ಕಳಿಗೆ ಕೊಟ್ಟು ನಾಲ್ಕು ಮಿಕ್ಕಾವು. ಆದರೆ ಸ್ತ್ರೀಶಕ್ತಿ ಸಂಘದಲ್ಲಿ ಹದಿನೈದು ಮಂದಿ ಕೂಡಿದರೆ ೬೦ ಆಗುತ್ತದೆ. ಪ್ರತಿ ಮೊಟ್ಟೆಯ ಮೇಲೆ ಪೆನ್ಸಿಲಿನಿಂದ ತಾರೀಕನ್ನೂ ಮನೆಯ ಗುರುತನ್ನೂ ಬರೆಯಲಿ. ಸರದಿಯಂತೆ ಒಬ್ಬಳು ಒಯ್ಯಲಿ. ಕೆಟ್ಟದ್ದು ಯಾರದೋ ಅವರೇ ಬದಲು ಕೊಡಲಿ. ಆಗ ವ್ಯಾಪಾರಿಯು ಬಂದರೂ ಹದಿನೈದು ಬಾಗಿಲುಗಳಲ್ಲಿ ಒಂದೇ ಬೆಲೆಯನ್ನು ಕೇಳುವನು.

೭. ಮಾರುವದೋ, ಕಾವಿಗೆ ಇಡುವದೋ?

೧೨ ಮೊಟ್ಟೆಗಳನ್ನು ೧೨ ರೂಪಾಯಿಯಂತೆ ಮಾರಿದರೆ ೧೪೪ ರೂಪಾಯಿ. ಅವುಗಳನ್ನೇ ಕಾವಿಗೆ ಇಟ್ಟರೆ ೨೧ ದಿನಗಳಲ್ಲಿ ಒಂಬತ್ತು ಒಡೆದಾವೆಂದೂ ನಾಲ್ಕು ಬೆಳೆದಾವೆಂದೂ ಇಟ್ಟುಕೊಳ್ಳೋಣ. ಒಂದೊಂದು ೪೦೦ಕ್ಕೆ ಹೋದರೆ ೧,೬೦೦. ಇದರಲ್ಲಿ ಮೊಟ್ಟೆಯ ೧೪೪, ಕಾವಿಗೆ ಕೂತು ಮರಿಗಳೊಡನೆ ತಿರುಗುವ ಮೂರು ತಿಂಗಳಲ್ಲಿ ತಾಯಿಕೋಳಿಯು ಇಡದೆ ಹೋದ ೧೫ ಮೊಟ್ಟೆಗಳ ೧೮೦, ಮೇವಿನ ೬೦೦ ಕಳೆದರೆ ೬೭೬ ಉಳಿಯುತ್ತದೆ. ಒಂದೇ ಮರಿ ಉಳಿದರೋ, ೪೦೦ರಿಂದ ೧೪೪, ೧೮೦, ಮೇವಿನ ೧೫೦ ಕಳೆಯಲಾಗಿ ೭೪ ರೂಪಾಯಿ ನಷ್ಟ. ಲಾಭವು ಮರಿಗಳನ್ನು ಉಳಿಸಿಕೊಳ್ಳುವದರಲ್ಲಿಯೇ ಇದೆ. ಆದದರಿಂದ ಹದ್ದಿಗೂ ಮುಂಗುಸಿಗೂ ಸಿಕ್ಕದಂತೆ ಮೊದಲ ವಾರಗಳಲ್ಲಿ ಮರಿಗಳನ್ನು ಪಂಜರದ ಕೆಳಗೆ ಇಡಬೇಕು. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲಿ ಲಸೋಟಾ ಲಸಿಕೆಯನ್ನೂ, ಎಂಟು ವಾರಗಳ ಸುಮಾರಿಗೆ ಎರಡನೆಯ ಲಸಿಕೆಯನ್ನೂ ಪಶುವೈದ್ಯರಿಂದ ಹಾಕಿಸಬೇಕು. ಸೆಪ್ಟೆಂಬರಿನಲ್ಲಿ ಒಡೆದ ಮರಿಗಳು ಯುಗಾದಿಯ ಹೊಸತೊಡಕಿಗೆ ಹುಂಜಗಳಾಗಿ, ಒಳ್ಳೇ ಬೆಲೆಗೆ ಹೋಗುವವು.

ಕಡೆಯದಾಗಿ, ಒಂದು ಸಣ್ಣ ಪುಸ್ತಕವನ್ನಿಡಿರಿ. ಹುಟ್ಟಿದ್ದು, ತಿಂದದ್ದು, ಕಾವಿಗಿಟ್ಟದ್ದು, ಮಾರಿದ್ದು, ಬಂದ ಹಣ ಎಂಬ ಐದು ಸಾಲುಗಳು ಸಾಕು. ಬರೆಯಲಾರದವರಿಗೆ ಮಗಳು ಬರೆದುಕೊಡಲಿ. ಗಂಡನು ಆ ಪುಸ್ತಕವನ್ನು ನೋಡಲಿ, ಆದರೆ ಆ ಹಣವನ್ನು ಕೇಳದಿರಲಿ. ಅದು ಮನೆಯ ಉಪ್ಪು ಎಣ್ಣೆಗಳಿಗೆ ಗೊತ್ತಾದ ಹಣ. ಇನ್ನು ಮುಂದೆ ವ್ಯಾಪಾರಿಯು ಬಾಗಿಲಿಗೆ ಬಂದು ಫಾರಂ ರೇಟು ಹೇಳಿದರೆ, “ಇದು ನನಗೇ ಒಂಬತ್ತೂವರೆಗೆ ಬಿದ್ದದೆ ಕಣಪ್ಪ, ಲೆಕ್ಕ ಐತೆ, ನೋಡು” ಎಂದು ತಾಯಿಯು ಪುಸ್ತಕವನ್ನು ಮುಂದಿಡಬಹುದು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

(೧) ನಿಮ್ಮ ಮನೆಯಲ್ಲಿ ಹೋದ ವಾರ ಹುಟ್ಟಿದ ಮೊಟ್ಟೆಗಳೆಷ್ಟು? ಮಕ್ಕಳು ತಿಂದದ್ದೆಷ್ಟು?
(೨) ನಿಮ್ಮ ಊರಿನ ದರದಂತೆ ಒಂದು ಮೊಟ್ಟೆಯು ನಿಮಗೆ ಎಷ್ಟಕ್ಕೆ ಬೀಳುತ್ತದೆ?
(೩) ಬಾಗಿಲ ವ್ಯಾಪಾರಿಯು ಕೊಡುವ ಬೆಲೆಗೂ ಪೇಟೆಯ ಬೆಲೆಗೂ ಇರುವ ಅಂತರವೆಷ್ಟು? ಅದರಲ್ಲಿ ಅವನಿಗೆ ಸಲ್ಲತಕ್ಕ ಕೂಲಿ ಎಷ್ಟು?
(೪) ನಿಮ್ಮ ಹಳ್ಳಿಯಲ್ಲಿ ಕೂಡಿ ಮಾರುವದಕ್ಕೆ ಎಷ್ಟು ಮನೆಗಳವರು ಒಪ್ಪುವರು?