ಅಜ್ಜಿಯ ಪದಗಳು ಮತ್ತು ಮುಕ್ತ ತಂತ್ರಾಂಶ



ಈ ಸಲದ ಗೋಡೆ ಪತ್ರಿಕೆಗೆ ವಿಜ್ಞಾನದ ಬಗ್ಗೆ ಏನಾದರೂ ಬರಿ ಎಂದು ಮೇಷ್ಟ್ರು ಹೇಳಿದಾಗ ನನಗೆ ನೆನಪಾದದ್ದು ನಮ್ಮ ಮನೆಯಲ್ಲೇ ನಡೆದ ಸಂಗತಿ. ಅದನ್ನು ಮೊದಲು ಹೇಳಿ ಆಮೇಲೆ ಪಾಠಕ್ಕೆ ಬರುತ್ತೇನೆ.

ನಮ್ಮ ಅಜ್ಜಿ ಸೋಬಾನೆ ಪದ, ಬೀಸುವ ಪದ ಬಹಳ ಚೆನ್ನಾಗಿ ಹೇಳುತ್ತಿದ್ದರಂತೆ. ನಾನು ಹುಟ್ಟುವ ಮೊದಲೇ ತೀರಿಕೊಂಡರು. ಅವರು ಇದ್ದಾಗ, 2002ರಲ್ಲಿ, ದೊಡ್ಡಪ್ಪ 41 ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ದಾವಣಗೆರೆಯ ಒಂದು ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿ ಸಿ.ಡಿ.ಗೆ ಹಾಕಿಸಿದ್ದರು. ಆಮೇಲೆ ನೋಟ್‌ಬುಕ್ ಗೆದ್ದಲು ಹಿಡೀತು. ಸಿ.ಡಿ. ಮಾತ್ರ ಟ್ರಂಕಿನಲ್ಲಿ ಉಳಿಯಿತು.

ಹೋದ ಬೇಸಿಗೆಯಲ್ಲಿ ಹರಿಹರದ ಮಾವನ ಮನೆಗೆ ಹೋದಾಗ ಆ ಸಿ.ಡಿ.ಯನ್ನು ಅವರ ಕಂಪ್ಯೂಟರಿಗೆ ಹಾಕಿದೆವು. ಕಡತ ತೆರೆಯಿತು, ಆದರೆ ಒಂದು ಕನ್ನಡ ಅಕ್ಷರವೂ ಇಲ್ಲ. ತಲೆ ಮೇಲೆ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ಅರ್ಧ ಕಾಲು ಭಿನ್ನರಾಶಿಗಳು, ಏನೇನೋ ಗುರುತುಗಳು ಪುಟದ ತುಂಬ. ಅಜ್ಜ ಕನ್ನಡಕ ಏರಿಸಿ ನೋಡಿ, "ಇದ್ಯಾವ ಭಾಷೆ ಐತವ್ವಾ? ನಿಮ್ಮಜ್ಜಿ ಹಿಂಗ ಹಾಡ್ತಿದ್ದಿಲ್ಲ" ಅಂದರು. ನಗು ಬಂತು. ಆದರೆ ಅಜ್ಜ ನಗಲಿಲ್ಲ.

ಹೀಗೇಕಾಯಿತು?

ನಮ್ಮ ಅಜ್ಜ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡಿದವರು. 1941ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು. ಕಾರಣವನ್ನು ನನಗಿಂತ ಮೊದಲು ಅವರೇ ಹಿಡಿದರು. "ಇದು ಎಳೆ ಕೂಡದ ನಟ್ಟು ಬೋಲ್ಟಿನ ಕಥೆ" ಅಂದರು. ಅರ್ಧ ಇಂಚು ದಪ್ಪದ ಎರಡು ಬೋಲ್ಟ್ ತಗೊಳ್ಳಿ. ಒಂದು ಇಂಗ್ಲೆಂಡಿನ ವಿಟ್‌ವರ್ತ್ ಅಳತೆಯದು, ಇನ್ನೊಂದು ಅಮೆರಿಕದ ಅಳತೆಯದು. ಮೊದಲನೆಯದಕ್ಕೆ ಇಂಚಿಗೆ 12 ಎಳೆ, ಎರಡನೆಯದಕ್ಕೆ 13. ಕಣ್ಣಿಗೆ ಎರಡೂ ಒಂದೇ. ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಎರಡೂ ಕಡೆಯವರು ಒಂದೇ ಅಳತೆ ಒಪ್ಪಿದರೆ ಮಾತ್ರ ದಾವಣಗೆರೆಯ ನಟ್ಟು ಹರಿಹರದ ಬೋಲ್ಟಿಗೆ ಕೂರುತ್ತದೆ.

ಅಕ್ಷರದ ಕಥೆಯೂ ಹಾಗೇ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹಿಂದೆ ಒಂದು ಅಕ್ಷರಕ್ಕೆ 256 ಮನೆಗಳ ಒಂದು ಪೆಟ್ಟಿಗೆ ಇತ್ತು ಅಂದುಕೊಳ್ಳಿ. ಅದೆಲ್ಲ ಇಂಗ್ಲಿಷಿಗೂ ಯುರೋಪಿನ ಭಾಷೆಗಳಿಗೂ ತುಂಬಿತ್ತು. ಕನ್ನಡಕ್ಕೆ ಜಾಗ ಇಲ್ಲದ್ದರಿಂದ ನಮ್ಮವರು ಒಂದು ಉಪಾಯ ಮಾಡಿದರು. ಆ ಮನೆಗಳಲ್ಲೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರ ಬಿಡಿಸಿಟ್ಟರು. ಆಗ ಬೇರೆ ದಾರಿ ಇರಲಿಲ್ಲ, ಆ ಉಪಾಯದಿಂದಲೇ ಎಷ್ಟೋ ಪುಸ್ತಕ ಅಚ್ಚಾದವು. ಆದರೆ ಒಬ್ಬೊಬ್ಬರು ಒಂದೊಂದು ಕ್ರಮದಲ್ಲಿ ಇಟ್ಟರು. ಟೈಪ್ ಮಾಡಿದ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕನ್ನಡ ಮಾಯ, ಕೆಳಗಿನ ಇಂಗ್ಲಿಷ್ ಗುರುತು ಬಯಲು. ಅಜ್ಜಿಯ ಪದಕ್ಕೆ ಆದದ್ದು ಇದೇ.

ಎಲ್ಲರೂ ಒಪ್ಪಿದ ಅಳತೆ

ಇದಕ್ಕೆ ಪರಿಹಾರವಾಗಿ ಬಂದದ್ದು ಯುನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಪ್ರಪಂಚದ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಕೊಟ್ಟರು. ಕನ್ನಡಕ್ಕೆ ಮೀಸಲಾದದ್ದು 3200ರಿಂದ 3327ರವರೆಗೆ, ಒಟ್ಟು 128 ಮನೆ. ಹ ಅಂದರೆ 3257, ರ ಅಂದರೆ 3248, ಗುಡಿಸು ಅಂದರೆ 3263. ಹಾಗಾದರೆ "ಹರಿಹರ" ಎಂದು ಬರೆದರೆ ಕಂಪ್ಯೂಟರಿಗೆ ಕಾಣುವುದು 3257, 3248, 3263, 3257, 3248. ಹರಿಹರದಲ್ಲಿ ತೆರೆದರೂ ಅಷ್ಟೇ, ಅಮೆರಿಕದಲ್ಲಿ ತೆರೆದರೂ ಅಷ್ಟೇ.

ಒಂದೇ ಬರಹ, ಹಲವು ಯಂತ್ರ

ಅಕ್ಷರ ಆಯಿತು, ಇನ್ನು ತಂತ್ರಾಂಶ. ಮನುಷ್ಯರು ಬರೆಯುವ ತಂತ್ರಾಂಶಕ್ಕೆ ಮೂಲ ಸಂಕೇತ ಅನ್ನುತ್ತಾರೆ. ಅದನ್ನು ಯಂತ್ರದ ಭಾಷೆಗೆ ಇಳಿಸುವುದು ಕಂಪೈಲರ್ ಎಂಬ ಇನ್ನೊಂದು ತಂತ್ರಾಂಶ. ಮೇಜಿನ ಮೇಲಿನ ಕಂಪ್ಯೂಟರಿನ ಮಿದುಳು ಒಂದು ಜಾತಿ, ಮೊಬೈಲಿನದು ಇನ್ನೊಂದು ಜಾತಿ. ಒಂದಕ್ಕೆ ಇಳಿಸಿದ್ದು ಇನ್ನೊಂದರಲ್ಲಿ ಹಾಗೇ ನಡೆಯದು. ಮೂಲ ಸಂಕೇತ ಕೈಯಲ್ಲಿದ್ದರೆ ಬೇರೆ ಯಂತ್ರಕ್ಕೆ ತಕ್ಕಂತೆ ಅಲ್ಲಲ್ಲಿ ತಿದ್ದಿ ಮತ್ತೆ ಇಳಿಸಬಹುದು. ಇದು ಸುಲಭವಾದದ್ದು 1972ರ ಸುಮಾರಿಗೆ ಡೆನ್ನಿಸ್ ರಿಚಿ ಅವರು ಸಿ ಭಾಷೆ ರೂಪಿಸಿದ ಮೇಲೆ. 1973ರಲ್ಲಿ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನೇ ಸಿ ಭಾಷೆಯಲ್ಲಿ ಮರಳಿ ಬರೆದರು.

ಕಾರ್ಯಾಚರಣಾ ವ್ಯವಸ್ಥೆ ಅಂದರೆ ಏನು? ಯಾವ ತರಗತಿಗೆ ಯಾವ ಕೋಣೆ, ಯಾವ ಗಂಟೆಗೆ ಯಾವ ಪಾಠ ಎಂದು ಹಂಚುವ ನಮ್ಮ ಮುಖ್ಯೋಪಾಧ್ಯಾಯರ ಹಾಗೆ. ಕಂಪ್ಯೂಟರಿನ ನೆನಪು, ಕೀಲಿಮಣೆ, ಪರದೆ, ಮುದ್ರಕ ಇವನ್ನೆಲ್ಲ ಯಾವ ತಂತ್ರಾಂಶಕ್ಕೆ ಎಷ್ಟು ಕೊಡಬೇಕು ಎಂದು ಅದೇ ನೋಡಿಕೊಳ್ಳುತ್ತದೆ.

ನಕ್ಷೆಯನ್ನೂ ಕೊಟ್ಟವರು

ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಯೋಜನೆ ಸಾರಿದರು. ಅವರ ವಾದ ಸರಳ. ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬೇಕು, ಬಿಚ್ಚಿ ಓದಿ ತಿದ್ದಬೇಕು, ಹಂಚಬೇಕು, ತಿದ್ದಿದ್ದನ್ನೂ ಹಂಚಬೇಕು. ಈ ನಾಲ್ಕು ಸ್ವಾತಂತ್ರ್ಯವನ್ನು ಕಾಯಲು 1989ರಲ್ಲಿ ಜಿ.ಪಿ.ಎಲ್. ಎಂಬ ಪರವಾನಗಿ ಪತ್ರ ಬರೆದರು.

ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ವಿದ್ಯಾರ್ಥಿ, ವಯಸ್ಸು 21. 1991ರ ಆಗಸ್ಟ್ 25ರಂದು, ತಾನು ಹವ್ಯಾಸಕ್ಕಾಗಿ ಒಂದು ಕಾರ್ಯಾಚರಣಾ ವ್ಯವಸ್ಥೆ ಬರೆಯುತ್ತಿದ್ದೇನೆ ಎಂದು ತಿಳಿಸಿದರು. ಅದು ಬೇರೆ ಜಾತಿಯ ಯಂತ್ರದಲ್ಲಿ ನಡೆಯುವಂಥದ್ದಲ್ಲ ಎಂದೂ ಅವರೇ ಹೇಳಿದ್ದರು! ಅದೇ ಲಿನಕ್ಸ್. 1992ರಲ್ಲಿ ಅದನ್ನು ಜಿ.ಪಿ.ಎಲ್. ಅಡಿ ತಂದರು. ಮೂಲ ಸಂಕೇತ ಎಲ್ಲರ ಕೈಗೆ ಸಿಕ್ಕಿತು. ಒಬ್ಬರು ಈ ಯಂತ್ರಕ್ಕೆ ಹೊಂದಿಸಿದರು, ಇನ್ನೊಬ್ಬರು ಆ ಯಂತ್ರಕ್ಕೆ. 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಬಂತು, ಅದರ ಒಳಗಿನ ತಿರುಳು ಲಿನಕ್ಸ್. 2017ರ ನವೆಂಬರ್ ಪಟ್ಟಿಯಲ್ಲಿ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳಲ್ಲಿ 500ಕ್ಕೂ ಲಿನಕ್ಸೇ. ಅಂದರೆ ನಿಮ್ಮ ಅಪ್ಪನ ಜೇಬಿನಲ್ಲಿ ಆಂಡ್ರಾಯ್ಡ್ ಮೊಬೈಲ್ ಇದ್ದರೆ ಲಿನಕ್ಸ್ ಈಗಾಗಲೇ ನಿಮ್ಮ ಮನೆಗೆ ಬಂದಿದೆ, ಹೇಳದೆ ಕೇಳದೆ.

ನಮ್ಮ ಕನ್ನಡಕ್ಕೂ ಇದರಿಂದ ಲಾಭ ಆಗಿದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ನುಡಿ ತಂತ್ರಾಂಶಕ್ಕೆ ಆಧಾರ. ಅದೇ ವಿನ್ಯಾಸ ಲಿನಕ್ಸಿನಲ್ಲಿ 'ಕಗಪ' ಎಂಬ ಹೆಸರಿನಲ್ಲಿ ಸಿಗುತ್ತದೆ. ಲಿಬ್ರೆ ಆಫೀಸ್ ಎಂಬ ಮುಕ್ತ ತಂತ್ರಾಂಶ 2010ರಲ್ಲಿ ಶುರುವಾಯಿತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನೆರೆಯ ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಮುಕ್ತ ತಂತ್ರಾಂಶಕ್ಕೆ ಬದಲಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಂಪ್ಯೂಟರ್ ಕಲಿಯುತ್ತಾರೆ.

ಹಾಗಂತ ಎಲ್ಲ ಸಲೀಸು ಅಂತಲ್ಲ. ಕೆಲವು ಮುದ್ರಕಗಳು ಲಿನಕ್ಸಿನಲ್ಲಿ ಹಠ ಮಾಡುತ್ತವೆ. ವಿಂಡೋಸಿಗೆಂದೇ ಮಾಡಿದ ಎಷ್ಟೋ ತಂತ್ರಾಂಶ ಇದರಲ್ಲಿ ನೇರ ನಡೆಯುವುದಿಲ್ಲ. ಮುಕ್ತ ಎಂದರೆ ಬರೇ ಪುಕ್ಕಟೆ ಅಂತಲೂ ಅಲ್ಲ. ಬಿಚ್ಚಿ ನೋಡುವ ಹಕ್ಕು ಇರುವುದೇ ಮುಖ್ಯ.

ಅಜ್ಜಿಯ ಪದ ಏನಾಯಿತು?

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ನಮ್ಮ ದೊಡ್ಡಪ್ಪನ ಮಗಳು, ಅಕ್ಕ, ಒಂದು ಪರಿವರ್ತಕ ತಂತ್ರಾಂಶ ತಂದಳು. ಹಳೆಯ ಗುರುತಿಗೆ ಹೊಸ ಯುನಿಕೋಡ್ ಸಂಖ್ಯೆ ಯಾವುದು ಎಂಬ ಪಟ್ಟಿ ಅದರಲ್ಲಿದೆ. ಕನ್ನಡದವರೇ ಬರೆದು ಮೂಲ ಸಂಕೇತ ಸಮೇತ ಹಂಚಿದ್ದು. ಹಾಕಿದ ಕೂಡಲೇ ಮುಕ್ಕಾಲು ಪಾಲು ಪದ ಕನ್ನಡವಾಗಿ ಎದ್ದು ಬಂದವು. ಆದರೆ ನಮ್ಮ ಅಕ್ಷರಶೈಲಿಯ ಎರಡು ಚೂರು ಪಟ್ಟಿಯಲ್ಲಿ ಇರಲಿಲ್ಲ. ಅರ್ಕಾವತ್ತೂ ತಪ್ಪುತ್ತಿತ್ತು. ಯಾಕೆಂದರೆ ಹಳೆಯ ಕ್ರಮದಲ್ಲಿ "ಸೂರ್ಯ" ಎಂಬಲ್ಲಿ ಅರ್ಕಾವತ್ತು ಯಕಾರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ನಾವು ಉಚ್ಚರಿಸುವ ಹಾಗೆ ರಕಾರ ಮೊದಲು. ಅಕ್ಕ ಮೂಲ ಸಂಕೇತ ತೆರೆದು ಪಟ್ಟಿಗೆ ಎರಡು ಸಾಲು ಸೇರಿಸಿದಳು, ಅರ್ಕಾವತ್ತಿನ ಸಾಲು ತಿದ್ದಿದಳು. ಯಾರ ಅಪ್ಪಣೆಯೂ ಬೇಕಾಗಲಿಲ್ಲ. ತಿದ್ದಿದ್ದನ್ನು ಅದನ್ನು ಬರೆದವರಿಗೂ ಕಳಿಸಿದಳು.

ಅಜ್ಜ ಆಗ ಹೇಳಿದ ಮಾತು ನನಗೆ ಪಾಠಕ್ಕಿಂತ ಹೆಚ್ಚು. "ನಮ್ ಕಾರ್ಖಾನಿ ಮುಚ್ತು. ಆದ್ರ ನಾವ್ ಮಾಡಿದ ಲೇತು ಇನ್ನೂ ಸಣ್ಣ ಸಣ್ಣ ವರ್ಕ್‌ಶಾಪ್‌ನ್ಯಾಗ ತಿರುಗ್ತಾವ. ಯಾಕಂದ್ರ ಮುಚ್ಚಳ ಬಿಚ್ಚಿದ್ರ ಒಳಗಿನ ಗೇರು ಕಾಣ್ತೈತಿ, ಹಲ್ಲು ಎಣಿಸಿ ಹೊಸಾದು ಕಡೀಬೋದು. ಬಿಚ್ಚಾಕ ಬರದ ಯಂತ್ರ ಮಾಡಿದವನ ಜೋಡಿ ಸಾಯ್ತೈತಿ."

ಕೊನೆಗೆ ಮೂರು ಕಡೆ ಮಾತ್ರ ಯಾವ ಪಟ್ಟಿಯಿಂದಲೂ ಸರಿಯಾಗಲಿಲ್ಲ. ಟೈಪ್ ಮಾಡಿದವರೇ ತಪ್ಪಿದ್ದರು. ಅಜ್ಜ ಕಣ್ಣು ಮುಚ್ಚಿ ಮೆಲ್ಲಗೆ ಹಾಡಿಕೊಂಡು ಆ ಮೂರೂ ಮಾತು ಹೇಳಿದರು, ನಾನು ಬರೆದೆ. ಈಗ 41 ಪದವೂ ಮಾವನ ಕಂಪ್ಯೂಟರಿನಲ್ಲಿ, ಅಕ್ಕನ ಲಿನಕ್ಸಿನಲ್ಲಿ, ಅಪ್ಪನ ಮೊಬೈಲಿನಲ್ಲಿ ಒಂದೇ ರೀತಿ ಕಾಣುತ್ತವೆ.

ನಿಮ್ಮ ಮನೆಯಲ್ಲೂ ಹಳೆಯ ಸಿ.ಡಿ. ಇದ್ದರೆ ಬಿಸಾಡಬೇಡಿ, ತೆಗೆದು ನೋಡಿ. ಹಾಡು ಗೊತ್ತಿರುವ ಹಿರಿಯರು ಇರುವಾಗಲೇ ನೋಡಿ.

ಉತ್ತರ ಹೇಳಿ ನೋಡೋಣ:
1. ಲಿನಕ್ಸ್ ಮತ್ತು ಯುನಿಕೋಡಿನ ಮೊದಲ ಆವೃತ್ತಿ ಬಂದ ವರ್ಷ ಯಾವುದು?
2. ಅ ಅಕ್ಷರದ ಸಂಖ್ಯೆ 3205. ಹಾಗಾದರೆ ಆ, ಇ, ಈ ಅಕ್ಷರಗಳ ಸಂಖ್ಯೆ ಎಷ್ಟು?
3. "ಹರ" ಎಂಬ ಪದ ಕಂಪ್ಯೂಟರಿಗೆ ಹೇಗೆ ಕಾಣುತ್ತದೆ?

ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

— 9ನೇ ತರಗತಿಯ ವಿದ್ಯಾರ್ಥಿನಿ